ನಡುವೆ ಮಾತ್ರ ತೂತು ಯಾಕೆ?

ಅಲೆ ಎಲ್ಲ ಕಡೆ ಬಡಿಯುವಾಗ ಬಂಡೆ ನಡುವೆ ಮಾತ್ರ ತೂತು ಬಿದ್ದು ಕಮಾನಾಗೋದು ಹೇಗೆ ಅಂತ ಕೇಳಿದ್ದೀರಿ. ಬಂಡೆ ಎಲ್ಲ ಕಡೆ ಒಂದೇ ಗಟ್ಟಿ ಇರಲ್ಲ, ಗುಟ್ಟಿರೋದು ಬಿರುಕಲ್ಲಿ. ಅಲೆ ಅಪ್ಪಳಿಸಿದಾಗ ಬಿರುಕಿನೊಳಗಿನ ಗಾಳಿ ಅದುಮಿಕೊಳ್ಳುತ್ತೆ, ನೀರು ಸರಿದ ತಕ್ಷಣ ರಪ್ಪನೆ ಹಿಗ್ಗುತ್ತೆ. ಹೀಗೇ ಕಲ್ಲು ಚೂರುಚೂರಾಗಿ ಸಡಿಲವಾಗುತ್ತೆ, ಬಿರುಕು ಅಗಲವಾಗಿ ಗವಿಯಾಗುತ್ತೆ. ಕಡಲಿಗೆ ಚಾಚಿದ ನೆಲದ ಸುತ್ತ ಅಲೆಗಳು ಬಾಗಿ ಎರಡೂ ಮಗ್ಗುಲಿಗೆ ಹೊಡೆಯುತ್ತವೆ. ಎರಡು ಕಡೆಯ ಗವಿಗಳು ಬೆನ್ನಿಗೆ ಬೆನ್ನು ಕೂಡಿದ್ರೆ ಕಮಾನು, ಚಾವಣಿ ಕುಸಿದ್ರೆ ಹೊರಗಿನ ಕಾಲೇ ಒಂಟಿ ಕಂಬ.

ಆಸ್ಟ್ರೇಲಿಯಾದ ವಿಕ್ಟೋರಿಯಾ ಕರಾವಳಿಯ 'ಲಂಡನ್ ಬ್ರಿಡ್ಜ್' ಸುಣ್ಣಕಲ್ಲಿನ ಜೋಡಿ ಕಮಾನಾಗಿತ್ತು. 1990ರ ಜನವರಿ 15ರಂದು ದಡದ ಕಡೆಯದು ಕುಸಿಯಿತು. ಆಚೆ ತುದಿಯಲ್ಲಿ ಸಿಕ್ಕಿಕೊಂಡ ಇಬ್ಬರು ಪ್ರವಾಸಿಗರನ್ನು (ಪಾಪ, ಫೋಟೋಗೆ ಹೋದವರೋ ಏನೋ) ಹೆಲಿಕಾಪ್ಟರ್‌ನಲ್ಲಿ ಕರೆತರಬೇಕಾಯ್ತು.