ಟ್ಯೂಬಿನ ಮೇಲಿರುವ ‘ಹ್ಯೂಮನ್’ ಯಾರು?

ಪ್ರಶ್ನೆ: ನನ್ನ ಮಗಳು ಬೆಂಗಳೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಹೋದ ವಾರ ಫೋನಿನಲ್ಲಿ ಒಂದೇ ಸಮ ಅತ್ತಳು. ‘ರೀಕಾಂಬಿನೆಂಟ್ ಹ್ಯೂಮನ್ ಸೋಡಿಯಂ ಚಾನೆಲ್ ಬೀಟಾ-1’ ಎಂಬ ಪ್ರೋಟೀನಿನ ಟ್ಯೂಬನ್ನು ರಾತ್ರಿಯಿಡೀ ಹೊರಗೆ ಬಿಟ್ಟು ಹಾಳು ಮಾಡಿದಳಂತೆ. ಹ್ಯೂಮನ್ ಅಂದರೆ ಮನುಷ್ಯರದ್ದು ಅಲ್ವಾ? ಯಾರ ಮೈಯಿಂದ ತೆಗೆಯುತ್ತಾರೆ? ಅಷ್ಟು ಅಳುವಂಥದ್ದು ಅದರಲ್ಲಿ ಏನಿದೆ?
– ಒಬ್ಬ ತಾಯಿ, ತಿಪಟೂರು

ಉತ್ತರ: ಯಾರ ಮೈಯಿಂದಲೂ ತೆಗೆದದ್ದಲ್ಲ ಅದು. ಆ ಹೆದರಿಕೆ ಬಿಟ್ಟುಬಿಡಿ. ಮನುಷ್ಯರದ್ದು ಅಂದರೆ ಜೀನ್ ಮಾತ್ರ. ಅದನ್ನು ಓದಿ ಪ್ರೋಟೀನು ಕಟ್ಟುವ ಕೆಲಸ ಎಷ್ಟೋ ಸಲ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ್ದು. ಮೊಳಕಾಲ್ಮೂರು ಸೀರೆಯ ನಕ್ಷೆ ಕೊಟ್ಟು ಬೇರೆ ಊರಿನ ಮಗ್ಗದಲ್ಲಿ ನೇಯಿಸಿದ ಹಾಗೆ. ರೀಕಾಂಬಿನೆಂಟ್ ಅಂದರೆ ಇದೇ. ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಹ್ಯೂಮನ್ ಇನ್ಸುಲಿನ್ನೂ ಇದೇ ದಾರಿಯಲ್ಲಿ ಬಂದದ್ದು. ಅಮೆರಿಕದಲ್ಲಿ 1982ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು.

ಕೆಲವರು ಬ್ಯಾಕ್ಟೀರಿಯಾದ ಬದಲು ಎಚ್‌ಇಕೆ 293 ಎಂಬ ಮನುಷ್ಯ ಕೋಶಗಳನ್ನು ಬಳಸುತ್ತಾರೆ. ನೀವು ನೇರವಾಗಿ ಕೇಳಿದ್ದೀರಿ, ಮುಚ್ಚಿಡುವುದಿಲ್ಲ. ಆ ಕೋಶಗಳ ಮೂಲ ಒಂದು ಭ್ರೂಣದ ಮೂತ್ರಪಿಂಡ. 1970ರ ದಶಕದ ಮೊದಲ ವರ್ಷಗಳಲ್ಲಿ ನೆದರ್ಲೆಂಡ್ಸಿನ ಲೈಡನ್‌ನಲ್ಲಿ ಶುರುವಾದದ್ದು. ಅವತ್ತಿನ ಕೋಶಗಳ ಸಂತತಿಯೇ ಇವತ್ತಿಗೂ ಲ್ಯಾಬುಗಳಲ್ಲಿ ಬೆಳೆಯುತ್ತಿದೆ. ಹೊಸದಾಗಿ ಯಾರಿಂದಲೂ ತೆಗೆಯುವುದಿಲ್ಲ.

ಈಗ ಸೋಡಿಯಂ ಚಾನೆಲ್. ನರಕೋಶದ ಗೋಡೆಯಲ್ಲಿರುವ ಬಾಗಿಲು ಅದು. ತೆರೆದಾಗ ಸೋಡಿಯಂ ಒಳಗೆ ನುಗ್ಗುತ್ತದೆ, ನರದಲ್ಲಿ ಸುದ್ದಿ ಓಡುತ್ತದೆ. ಒಂದೆರಡು ಮಿಲಿಸೆಕೆಂಡಿನಲ್ಲಿ ಬಾಗಿಲು ಮತ್ತೆ ಮುಚ್ಚಬೇಕು. ಬಾಗಿಲು ಅಂದರೆ ಆಲ್ಫಾ ಎಂಬ ದೊಡ್ಡ ಪ್ರೋಟೀನು, ಸುಮಾರು 2000 ಅಮೈನೊ ಆಮ್ಲಗಳ ಸರ. ಬೀಟಾ-1 ಅದಕ್ಕೆ ಅಂಟಿಕೊಂಡಿರುವ ಚಿಕ್ಕದು, ಬರೀ 218. ಅದಷ್ಟೇ ಇದ್ದರೆ ಸೋಡಿಯಂ ಒಂದು ಕಣವೂ ಒಳಗೆ ಹೋಗುವುದಿಲ್ಲ. ಆದರೆ ಅದಿಲ್ಲದೆ ಬಾಗಿಲಿನ ವರ್ತನೆಯೇ ಬೇರೆ. ಮೆದುಳಿನ ಚಾನೆಲ್ಲನ್ನು ಕಪ್ಪೆಯ ಮೊಟ್ಟೆಯಲ್ಲಿ ಕೂರಿಸಿ ನೋಡಿದಾಗ, ಬೀಟಾ-1 ಸೇರಿಸಿದ ಮೇಲೆ ಬಾಗಿಲು ಬೇಗ ಮುಚ್ಚಿತು. 1992ರಲ್ಲಿ ಇದು ಪ್ರಕಟವಾಯಿತು.

ನಾನು ರಿಟೈರ್ ಆಗುವ ಮುಂಚೆ ಒಂದು ವರ್ಷ ಇದೇ ಬೀಟಾ-1ರ ಹಿಂದೆ ಬಿದ್ದಿದ್ದೆ. ಬ್ಯಾಕ್ಟೀರಿಯಾವನ್ನು 37 ಡಿಗ್ರಿಯಲ್ಲಿ ಬೆಳೆಸುವುದು. ಸಾರು ಮಬ್ಬಾದಾಗ 18 ಡಿಗ್ರಿಗೆ ಇಳಿಸಿ ರಾತ್ರಿಯೆಲ್ಲ ಅಲುಗಾಡಿಸುವುದು. ಆ ಫ್ಲಾಸ್ಕಿನ ವಾಸನೆ ಸೀರೆಗೆ ಹತ್ತಿದರೆ ಮನೆಯವರೆಗೂ ಬರುತ್ತಿತ್ತು. ಮಾರನೆಯ ದಿನ ಕೋಶ ಒಡೆದು ನೋಡಿದರೆ ಪ್ರೋಟೀನು ಒಡೆದ ಹಾಲಿನ ಹಾಗೆ ಗಡ್ಡೆ ಕಟ್ಟಿ ತಳದಲ್ಲಿ ಕೂತಿರುತ್ತಿತ್ತು. ಕಾರಣ ಇಷ್ಟೇ. ಬೀಟಾ-1ರ ಹೊರಭಾಗ ಸರಿಯಾಗಿ ಮಡಚಿಕೊಳ್ಳಬೇಕಾದರೆ ಸಿಸ್ಟೀನ್ ಎಂಬ ಎರಡು ಅಮೈನೊ ಆಮ್ಲಗಳ ನಡುವೆ ಗಂಧಕದ ಕೊಂಡಿ ಬೀಳಬೇಕು. ಇ. ಕೋಲಿಯ ಒಡಲಲ್ಲಿ ಆ ಕೊಂಡಿ ಸಲೀಸಾಗಿ ಬೀಳುವುದಿಲ್ಲ. ಗಡ್ಡೆಯನ್ನು ಗಾಢವಾದ (8 ಮೋಲಾರ್) ಯೂರಿಯಾ ದ್ರಾವಣದಲ್ಲಿ ಕರಗಿಸಿ, ಕೋಲ್ಡ್ ರೂಮಿನಲ್ಲಿ ಯೂರಿಯಾವನ್ನು ನಿಧಾನವಾಗಿ ಇಳಿಸುತ್ತಾ, ಮತ್ತೆ ಮಡಚಿಕೊಳ್ಳಲಿ ಎಂದು ದಿನಗಟ್ಟಲೆ ಕಾಯುತ್ತಿದ್ದೆ. ಎಷ್ಟೋ ಸಲ ಅದು ಮತ್ತೆ ಗಡ್ಡೆಯೇ ಆಗುತ್ತಿತ್ತು.

ಆ ಕೊಂಡಿಯ ಬೆಲೆ ಏನು ಎಂದು ಒಂದು ಕುಟುಂಬದಿಂದ ಗೊತ್ತಾದದ್ದು. ಆಸ್ಟ್ರೇಲಿಯಾದ ಆ ದೊಡ್ಡ ಕುಟುಂಬದಲ್ಲಿ ತಲೆಮಾರಿನಿಂದ ತಲೆಮಾರಿಗೆ ಮಕ್ಕಳಿಗೆ ಜ್ವರ ಬಂದರೆ ಫಿಟ್ಸ್ ಬರುತ್ತಿತ್ತು. ಕೆಲವರಿಗೆ ದೊಡ್ಡವರಾದ ಮೇಲೂ ಬಿಡಲಿಲ್ಲ. 1998ರಲ್ಲಿ ಕಾರಣ ಸಿಕ್ಕಿತು. ಬೀಟಾ-1ರಲ್ಲಿ 121ನೆಯ ಜಾಗದ ಸಿಸ್ಟೀನ್ ಹೋಗಿ ಟ್ರಿಪ್ಟೊಫ್ಯಾನ್ ಎಂಬ ಬೇರೆ ಅಮೈನೊ ಆಮ್ಲ ಬಂದು ಕೂತಿತ್ತು. ಒಂದು ತುದಿಯೇ ಇಲ್ಲದ ಮೇಲೆ ಕೊಂಡಿ ಎಲ್ಲಿಂದ ಬೀಳಬೇಕು? ನನ್ನ ಫ್ಲಾಸ್ಕಿನಲ್ಲಿ ನಾನು ಕಾಯುತ್ತಿದ್ದದ್ದೂ ಅದೇ ಕೊಂಡಿಗೆ. ಮೊದಲ ಸಲ ಪ್ರೋಟೀನು ಗಡ್ಡೆ ಕಟ್ಟದೆ ತಿಳಿಯಾಗಿ ನಿಂತ ದಿನ, ಟ್ಯೂಬನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದೆ. ನೋಡಲು ನೀರಿನ ಹಾಗೇ ಇತ್ತು.

ನಿಮ್ಮ ಮಗಳು ಸುಮ್ನೆ ಅಳಲಿಲ್ಲ. ಇಂಥ ಒಂದು ಟ್ಯೂಬಿನಲ್ಲಿ ಸಾಮಾನ್ಯವಾಗಿ ಇರುವುದು ಕೆಲವು ಮೈಕ್ರೊಗ್ರಾಂ. ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ನಾನೂ ಒಂದು ಹಾಳು ಮಾಡಿದ್ದೇನೆ. ಇಡೀ ಟ್ಯೂಬನ್ನೇ ಪ್ರತಿ ಸಲ ಕರಗಿಸಿ, ಮತ್ತೆ ಹೆಪ್ಪುಗಟ್ಟಿಸಿ ಇಡುತ್ತಿದ್ದೆ. ಮೂರನೆಯ ಸಲ ತೆಗೆದಾಗ ಒಳಗೆ ಬಿಳಿ ಚೂರುಗಳು ತೇಲುತ್ತಿದ್ದವು.

ಅವಳನ್ನು ಒಂದು ಮಾತು ಕೇಳಿ. ಹೊರಗಿದ್ದದ್ದು ಒಣ ಪುಡಿಯಾ, ಕರಗಿಸಿದ್ದಾ? ಪುಡಿಯಾಗಿದ್ದರೆ ಎಸೆಯುವುದು ಬೇಡ. ಎಷ್ಟೋ ಪ್ರೋಟೀನುಗಳ ಒಣ ಪುಡಿ ಒಂದು ರಾತ್ರಿ ತಡೆದುಕೊಳ್ಳುತ್ತದೆ. ಕರಗಿಸಿದ್ದಾದರೆ ಸ್ವಲ್ಪ ತೆಗೆದು ಜೆಲ್ ಓಡಿಸಿ, ಅಂದರೆ ಪ್ರೋಟೀನನ್ನು ಗಾತ್ರದ ಪ್ರಕಾರ ಬೇರ್ಪಡಿಸಿ, ನೋಡಲಿ. ಅಲ್ಲಿ ಕಾಣುವ ಪ್ರೋಟೀನಿನ ಪಟ್ಟಿ (ಬ್ಯಾಂಡ್) ಚೂರಾಗದಿದ್ದರೆ, ಪ್ರೋಟೀನನ್ನು ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಹೋಲಿಕೆಗೆ ಇಟ್ಟುಕೊಳ್ಳಬಹುದು. ಮಡಿಕೆ ಉಳಿದಿದೆಯಾ ಎಂದು ಮಾಮೂಲಿ ಜೆಲ್ ಹೇಳುವುದಿಲ್ಲ, ಹಾಗಾಗಿ ಪ್ರೋಟೀನು ಯಾವುದಕ್ಕೆ ಅಂಟಿಕೊಳ್ಳುತ್ತದೆ ಎಂದು ನೋಡುವ ಬೈಂಡಿಂಗ್ ಪ್ರಯೋಗಕ್ಕೆ ಅದು ಬೇಡ. ಮುಖ್ಯವಾಗಿ, ಏನಾಯಿತು ಎಂದು ಟ್ಯೂಬಿನ ಮೇಲೂ ನೋಟ್‌ಬುಕ್ಕಿನಲ್ಲೂ ಬರೆದು, ಗೈಡ್‌ಗೆ ಇವತ್ತೇ ಹೇಳಲಿ. ಮುಂದಿನ ಟ್ಯೂಬನ್ನು ಬಂದ ದಿನವೇ ಚಿಕ್ಕ ಚಿಕ್ಕ ಪಾಲು ಮಾಡಿ ಮೈನಸ್ 80 ಡಿಗ್ರಿಯಲ್ಲಿ ಇಡಲಿ.

ಪ್ರಶ್ನೆ: ನನ್ನ ಮಗನಿಗೆ ಮೂರು ವರ್ಷ. ಜ್ವರದಲ್ಲಿ ಎರಡು ಸಲ ಫಿಟ್ಸ್ ಬಂದಿದೆ. ಸೋಡಿಯಂ ಚಾನೆಲ್ ದೋಷದಿಂದ ಹೀಗಾಗುತ್ತದೆ ಎಂದು ಓದಿದೆ. ಉಪ್ಪು ಕಡಿಮೆ ಮಾಡಬೇಕಾ? ಲ್ಯಾಬಿನಲ್ಲಿ ಮಾಡಿದ ಆ ಪ್ರೋಟೀನನ್ನು ಇಂಜೆಕ್ಷನ್ ಕೊಡಬಹುದಾ?
– ಒಬ್ಬ ತಂದೆ, ಅರಸೀಕೆರೆ

ಉತ್ತರ: ಎರಡೂ ಬೇಡ. ಜ್ವರದ ಫಿಟ್ಸ್ ಬರುವ ಮಕ್ಕಳಲ್ಲಿ ಹೆಚ್ಚಿನವರಿಗೆ ವಯಸ್ಸಾದಂತೆ ಅದು ನಿಂತುಹೋಗುತ್ತದೆ. ಇಂಥ ಜೀನ್ ದೋಷ ಇರುವವರು ಕೆಲವರು ಮಾತ್ರ. ಅವರಲ್ಲೂ ತಪ್ಪು ಬಾಗಿಲಿನಲ್ಲಿದೆ, ಊಟದ ಉಪ್ಪಿನಲ್ಲಿಲ್ಲ. ಮಗು ಎಂದಿನ ಊಟವನ್ನೇ ಮಾಡಲಿ.

ಆ ಪ್ರೋಟೀನು ಸಂಶೋಧನೆಗೆ ಮಾತ್ರ. ಚುಚ್ಚಿದರೆ ಅದು ಮೆದುಳಿನ ಕೋಶದ ಗೋಡೆಗೆ ಹೋಗಿ ಕೂರುವುದಿಲ್ಲ. ಬ್ಯಾಕ್ಟೀರಿಯಾದಲ್ಲಿ ಮಾಡಿದ್ದಾದರೆ ಎಂಡೊಟಾಕ್ಸಿನ್ ಎಂಬ ಬ್ಯಾಕ್ಟೀರಿಯಾದ ಗೋಡೆಯ ವಿಷ ಉಳಿದಿರಬಹುದು. ಅದು ರಕ್ತಕ್ಕೆ ಹೋದರೆ ಬರುವುದು ಜ್ವರ. ನಿಮ್ಮ ಮಗನಿಗೆ ಜ್ವರವೇ ಅಲ್ವಾ ಕಷ್ಟ?

ಫಿಟ್ಸ್ ಬಂದಾಗ ಕೈಗೆ ಬೀಗದ ಕೈ, ಕಬ್ಬಿಣ ಕೊಡಬೇಡಿ. ಅದರಿಂದ ಏನೂ ಆಗುವುದಿಲ್ಲ, ಸಮಯ ಹೋಗುತ್ತದೆ. ಮಗ್ಗುಲಿಗೆ ಮಲಗಿಸಿ. ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ. ಗಡಿಯಾರ ನೋಡಿ. 5 ನಿಮಿಷ ದಾಟಿದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ಎರಡು ಸಲ ಬಂದಾಗಿದೆ, ಆದ್ದರಿಂದ ಈಗಲೇ ಮಕ್ಕಳ ವೈದ್ಯರಿಗೆ ತೋರಿಸಿ. ಎಷ್ಟು ನಿಮಿಷ ಇತ್ತು, ಜ್ವರ ಎಷ್ಟಿತ್ತು, ಒಂದೇ ಪಕ್ಕದ ಕೈಕಾಲು ಎಳೆಯಿತಾ, ಮನೆಯಲ್ಲಿ ಬೇರೆ ಯಾರಿಗಾದರೂ ಚಿಕ್ಕಂದಿನಲ್ಲಿ ಹೀಗಾಗಿತ್ತಾ ಎಂದು ಬರೆದುಕೊಂಡು ಹೋಗಿ. ಕೊನೆಯದಕ್ಕೆ ಅಜ್ಜಿಯನ್ನು ಕೇಳಿ ನೋಡಿ.