ಹೊಸ ಡೆಸ್ಕ್‌ಟಾಪ್ ಬಂದ ದಿನವೇ ರ‍್ಯಾಮ್, ಎಸ್‌ಎಸ್‌ಡಿ ಹಾಕಿಸಬಹುದಾ?

ನೀವು ಕೇಳಿದ್ದು ಇಷ್ಟು: ಮನೆಯಲ್ಲೇ ಡಿಟಿಪಿ, ಫೋಟೊ ಎಡಿಟಿಂಗ್ ಶುರು ಮಾಡಲು ಆನ್‌ಲೈನಿನಲ್ಲಿ ಒಂದು ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ಆರ್ಡರ್ ಮಾಡಿದ್ದೀರಿ. ಇಂಟೆಲ್ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್ (ಕೆಲಸ ನಡೆಯುವಾಗ ಬಳಕೆಯಾಗುವ ಮೆಮೊರಿ), 1 ಟಿಬಿ ಹಾರ್ಡ್ ಡಿಸ್ಕ್. ಬರಲು ಹನ್ನೆರಡು ದಿನ ಅಂತ ತೋರಿಸುತ್ತಿದೆ. ಈಗಲೇ ರ‍್ಯಾಮ್, ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ಬಹಳ ವೇಗದ ಡಿಸ್ಕ್) ಕೊಂಡಿಟ್ಟು, ಬಂದ ದಿನವೇ ಹಾಕಿಸಲೇ? ವಾರಂಟಿ ಹೋಗುತ್ತದೆಯೇ?

ಹಾಕಿಸಿ. ನೀವು ಹೇಳಿದ ಕೆಲಸಕ್ಕೆ ಎರಡೂ ಬೇಕೇ ಬೇಕು. ಆದರೆ ಬಂದ ದಿನ ಬೇಡ. ಪಾರ್ಟ್ಸ್ ಈಗಲೇ ಕೊಳ್ಳುವುದಂತೂ ಬೇಡವೇ ಬೇಡ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಇದೇ ತಪ್ಪು ನನ್ನಿಂದ ಆಗಿದೆ. ನನ್ನದು ಮಲೆನಾಡಿನ ಒಂದು ಊರಿನಲ್ಲಿ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಸೊಸೈಟಿಗಳ ವಾರ್ಷಿಕ ವರದಿ, ಜಾತ್ರೆಯ ಬ್ಯಾನರ್, ಇಂಥವು. 2023ರ ಏಪ್ರಿಲ್‌ನಲ್ಲಿ, ಮದುವೆ ಸೀಸನ್ ಜೋರಾಗಿದ್ದಾಗ, ಹಳೆಯ ಮೆಷಿನ್ ಕೈಕೊಟ್ಟಿತು. ಇಂಟೆಲ್ 13ನೇ ಜನರೇಶನ್ ಪ್ರೊಸೆಸರಿನ ಹೊಸದೊಂದು ಆರ್ಡರ್ ಮಾಡಿದೆ. ಪಾರ್ಸೆಲ್ ಹುಬ್ಬಳ್ಳಿಗೆ ಬಂದು ಅಲ್ಲೇ ನಾಲ್ಕು ದಿನ ಕೂತುಬಿಟ್ಟಿತು. ದಿನಕ್ಕೆ ಹತ್ತು ಸಲ ಟ್ರ್ಯಾಕಿಂಗ್ ನೋಡುತ್ತಿದ್ದೆ. ಸುಮ್ನೆ ಕೂರಲು ಆಗಲಿಲ್ಲ. ಅಂಗಡಿಯೊಂದರಲ್ಲಿ ವಿಚಾರಿಸಿದೆ. "13ನೇ ಜನರೇಶನ್ ಅಂದ ಮೇಲೆ ಡಿಡಿಆರ್5 ಸರ್, ಅನುಮಾನವೇ ಬೇಡ" ಅಂದರು. ಡಿಡಿಆರ್5 ಅಂದರೆ ರ‍್ಯಾಮಿನ ಹೊಸ ತಲೆಮಾರು, ಡಿಡಿಆರ್4 ಅದರ ಹಿಂದಿನದು. ಆ ಮಾತು ನಂಬಿ 8 ಜಿಬಿಯ ಒಂದು ಡಿಡಿಆರ್5 ರ‍್ಯಾಮ್ ಕೊಂಡೆ.

ಮೆಷಿನ್ ಬಂತು. ಸೈಡ್ ಪ್ಯಾನೆಲ್ ತೆಗೆದು ರ‍್ಯಾಮ್ ಅನ್ನು ಸ್ಲಾಟಿನ ಮೇಲೆ ಹಿಡಿದೆ. ಉದ್ದ ಸರಿಯಾಗಿದೆ. ಎರಡಕ್ಕೂ 288 ಪಿನ್. ಆದರೆ ರ‍್ಯಾಮಿನ ಕೆಳಅಂಚಿನಲ್ಲಿ ಒಂದು ಸಣ್ಣ ಕಚ್ಚು ಇರುತ್ತದಲ್ಲ, ಅದು ಸ್ಲಾಟಿನ ನಡುವಿನ ಗೂಟಕ್ಕೆ ಕೂರುತ್ತಿಲ್ಲ. ಒಂದೆರಡು ಮಿಲಿಮೀಟರ್ ಅಷ್ಟೇ ಆಚೀಚೆ. ತಿರುಗಿಸಿ ಹಿಡಿದರೂ ಇಲ್ಲ. ಮದರ್‌ಬೋರ್ಡ್ (ಎಲ್ಲ ಪಾರ್ಟ್ಸ್ ಕೂರುವ ಮುಖ್ಯ ಬೋರ್ಡ್) ಡಿಡಿಆರ್4ರದ್ದು. ಕವರ್ ಒಡೆದಿದ್ದಕ್ಕೆ ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ.

ವಿಷಯ ಏನೆಂದರೆ, ಇಂಟೆಲ್‌ನ 12, 13, 14ನೇ ಜನರೇಶನ್ನಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ ಒಗ್ಗುತ್ತವೆ. ಯಾವುದು ಬೇಕು ಅನ್ನುವುದನ್ನು ತೀರ್ಮಾನಿಸುವುದು ಮದರ್‌ಬೋರ್ಡ್. ಹಾಗಾಗಿ ಪ್ರೊಸೆಸರ್ ಹೆಸರು ನೋಡಿ ರ‍್ಯಾಮ್ ಕೊಳ್ಳಲು ಆಗುವುದಿಲ್ಲ. ಇನ್ನೊಂದು ಪ್ರೊಸೆಸರ್ ಕಂಪನಿ ಎಎಂಡಿಯಲ್ಲಿ ಈ ಗೊಂದಲ ಕಡಿಮೆ: ಎಎಂ4 (ಪ್ರೊಸೆಸರ್ ಕೂರುವ ಸಾಕೆಟ್ಟಿನ ಹೆಸರು) ಬೋರ್ಡ್ ಅಂದರೆ ಡಿಡಿಆರ್4, ಎಎಂ5 ಅಂದರೆ ಡಿಡಿಆರ್5. ಇನ್ನೂ ಒಂದು ಇದೆ. ಕೆಲವು ತೆಳು ಡೆಸ್ಕ್‌ಟಾಪ್‌ಗಳಿಗೆ ಲ್ಯಾಪ್‌ಟಾಪಿನ ಗಿಡ್ಡ ರ‍್ಯಾಮ್ ಬೇಕಾಗುತ್ತದೆ. ಫೋಟೊ ನೋಡಿದರೆ ಇದು ಗೊತ್ತಾಗುವುದಿಲ್ಲ.

ನಿಮಗೆ ಇರುವ ಭಯ ನನಗೆ ಅರ್ಥವಾಗುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಚಿಪ್‌ಗಳೆಲ್ಲ ಎಐ ಡೇಟಾ ಸೆಂಟರ್‌ಗಳ ಕಡೆಗೆ ಹೋಗುತ್ತಿವೆ. ಮೆಮೊರಿ ಚಿಪ್ ತಯಾರಿಸುವ ಮೈಕ್ರಾನ್ ಕಂಪನಿಯಂತೂ ಆ ವರ್ಷದ ಡಿಸೆಂಬರಿನಲ್ಲಿ, ಕ್ರೂಷಿಯಲ್ ಹೆಸರಿನಲ್ಲಿ ನಮ್ಮಂಥವರಿಗೆ ಮಾರುತ್ತಿದ್ದ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ನಾಳೆ ಇನ್ನೂ ಜಾಸ್ತಿ ಆಗಬಹುದು ಅಂತ ಅನ್ನಿಸುವುದು ಸಹಜ. ಆದರೂ ಹೊಂದದ ರ‍್ಯಾಮಿಗೆ ಕೊಟ್ಟ ದುಡ್ಡು ಪೂರ್ತಿ ದಂಡ ಅಲ್ವಾ?

ಹಾಗಾದರೆ ಈ ಹನ್ನೆರಡು ದಿನ ಏನು ಮಾಡಬೇಕು? ಬೇಕಾದಷ್ಟು ಕೆಲಸ ಇದೆ.

ಮೊದಲು ನಿಮ್ಮ ಮೆಷಿನ್ನಿನ ಪೂರ್ತಿ ಮಾಡೆಲ್ ನಂಬರ್ ಬಿಲ್ಲಿನಿಂದ ಬರೆದುಕೊಳ್ಳಿ. ದೊಡ್ಡ ಬ್ರ್ಯಾಂಡುಗಳು ತಮ್ಮ ಸಪೋರ್ಟ್ ಸೈಟಿನಲ್ಲಿ ಸರ್ವಿಸ್ ಮ್ಯಾನುಯಲ್ ಅನ್ನು ಪುಕ್ಕಟೆಯಾಗಿ ಇಟ್ಟಿರುತ್ತವೆ. ಇಳಿಸಿಕೊಂಡು ಓದಿ. ರ‍್ಯಾಮ್ ಸ್ಲಾಟ್ ಎಷ್ಟು, ಯಾವ ಬಗೆ, ಗರಿಷ್ಠ ಎಷ್ಟು ಜಿಬಿ, ಎಂ.2 ಸ್ಲಾಟ್ (ಎಸ್‌ಎಸ್‌ಡಿ ನೇರ ಬೋರ್ಡಿಗೆ ಕೂರುವ ಜಾಗ) ಇದೆಯೇ, ಎಲ್ಲ ಅದರಲ್ಲಿರುತ್ತದೆ. ಪ್ಯಾನೆಲ್ ಹೇಗೆ ಬಿಚ್ಚುವುದು ಅನ್ನುವುದಕ್ಕೆ ಚಿತ್ರವೂ ಇರುತ್ತದೆ. ಎಂ.2 ವಿಷಯದಲ್ಲಿ ಒಂದು ಎಚ್ಚರ: ಬೋರ್ಡಿನಲ್ಲಿ ವೈಫೈ ಕಾರ್ಡಿಗೆ ಅಂತಲೇ ಚಿಕ್ಕದೊಂದು ಎಂ.2 ಸ್ಲಾಟ್ ಇರುತ್ತದೆ. ಅದಕ್ಕೆ ಎಸ್‌ಎಸ್‌ಡಿ ಕೂರುವುದಿಲ್ಲ. ನಿಮಗೆ ಬೇಕಾದ್ದು 2280 ಅನ್ನುವ ಅಳತೆಯದ್ದು, ಅಂದರೆ 22 ಮಿಲಿಮೀಟರ್ ಅಗಲ, 80 ಉದ್ದ. ಅದು ಎನ್‌ವಿಎಂಇಯೋ ಸಾಟಾವೋ (ಎಸ್‌ಎಸ್‌ಡಿ ಬೋರ್ಡಿನ ಜೊತೆ ಮಾತಾಡುವ ಎರಡು ಬಗೆ) ಅನ್ನುವುದನ್ನೂ ನೋಡಿಕೊಳ್ಳಿ.

ಎರಡನೆಯದು ಕರೆಂಟ್. ಹಳೆಯ ಮನೆಯಾದರೆ ಎಲೆಕ್ಟ್ರಿಷಿಯನ್ ಕರೆಸಿ, ಕಂಪ್ಯೂಟರ್ ಇಡುವ ಜಾಗದ ಮೂರು ಪಿನ್ ಸಾಕೆಟ್ಟಿಗೆ ಅರ್ಥಿಂಗ್ ಸರಿಯಾಗಿ ಬಂದಿದೆಯೇ ನೋಡಿಸಿ. ಮೂರನೇ ತೂತು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತಲ್ಲ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ ಅಂತ ನನ್ನ ಹತ್ತಿರ ಬಂದವರು ಎಷ್ಟೋ ಜನ. ಬಹಳಷ್ಟು ಮನೆಗಳಲ್ಲಿ ತೊಂದರೆ ಇದ್ದದ್ದು ಗೋಡೆಯಲ್ಲಿ, ಕಂಪ್ಯೂಟರಿನಲ್ಲಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಿಮ್ಮಂಥ ಮೆಷಿನ್‌ಗೆ 600 ವಿಎ ಯುಪಿಎಸ್ ಸಾಕು. ಕರೆಂಟ್ ಹೋದಾಗ ಫೈಲ್ ಸೇವ್ ಮಾಡಿ ಆರಿಸುವಷ್ಟು ಹೊತ್ತು ಸಿಗುತ್ತದೆ. ಲೇಸರ್ ಪ್ರಿಂಟರ್ ಇದ್ದರೆ ಅದನ್ನು ಮಾತ್ರ ಯುಪಿಎಸ್‌ಗೆ ಹಾಕಬೇಡಿ. ಬಿಸಿಯಾಗುವಾಗ ಒಮ್ಮೆಲೇ ಅಷ್ಟು ಕರೆಂಟ್ ಎಳೆಯುತ್ತದೆ, ಯುಪಿಎಸ್ ತಡೆಯುವುದಿಲ್ಲ.

ಮೂರನೆಯದು ಹಳೆಯ ಕಂಪ್ಯೂಟರಿನಲ್ಲಿರುವ ನಿಮ್ಮ ಕೆಲಸ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಫೋಟೊ, ಫೈಲುಗಳನ್ನು ಎಲ್ಲರೂ ಕಾಪಿ ಮಾಡುತ್ತಾರೆ, ಫಾಂಟುಗಳನ್ನು ಮರೆಯುತ್ತಾರೆ. ಡಿಟಿಪಿಯವರ ಹತ್ತಿರ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಮಾಡಿಟ್ಟ ಕೆಲಸ ರಾಶಿ ಇರುತ್ತದೆ. ಆ ಫಾಂಟ್ ಹೊಸ ಮೆಷಿನ್ನಿನಲ್ಲಿ ಇಲ್ಲದಿದ್ದರೆ ತೆರೆದ ಕೂಡಲೇ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಗಿರಾಕಿ ಎದುರು ಕೂತು "ಹೋದ ವರ್ಷದ್ದೇ ಪತ್ರಿಕೆ, ಹೆಸರು ಮಾತ್ರ ಬದಲಿಸಿ" ಅಂದಾಗ ಫಾಂಟ್ ಹುಡುಕುತ್ತಾ ಕೂರಬೇಕಾಗುತ್ತದೆ. ವಿಂಡೋಸ್ ಫೋಲ್ಡರಿನ ಒಳಗಿನ ಫಾಂಟ್ಸ್ ಫೋಲ್ಡರಿನಿಂದ ನೀವು ಬಳಸುವುದನ್ನೆಲ್ಲ ಒಂದು ಪೆನ್ ಡ್ರೈವಿಗೆ ಹಾಕಿಕೊಳ್ಳಿ.

ಇನ್ನು ಬಾಕ್ಸ್ ಬಂದ ದಿನ. ಸೀಲ್ ಒಡೆಯುವ ಮೊದಲಿನಿಂದ ಮೊಬೈಲಿನಲ್ಲಿ ವಿಡಿಯೋ ಮಾಡಿ. ಬಾಕ್ಸಿನ ಮೂಲೆ ಜಜ್ಜಿದ್ದರೆ ಅದು ಕಾಣಲಿ, ಸೀರಿಯಲ್ ನಂಬರಿನ ಸ್ಟಿಕ್ಕರ್ ಓದುವ ಹಾಗೆ ಬರಲಿ. ಮಳೆಗಾಲವಾಗಿದ್ದರೆ ಅಥವಾ ಬಾಕ್ಸ್ ತಣ್ಣಗಿದ್ದರೆ, ಬಿಚ್ಚಿ ಮೂರ್ನಾಲ್ಕು ತಾಸು ಕೋಣೆಯಲ್ಲಿ ಹಾಗೇ ಬಿಡಿ. ಒಳಗೆ ಪಸೆ ಇದ್ದರೆ ಆರುತ್ತದೆ. ಆಮೇಲೆ ಕಂಪನಿ ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಆನ್ ಮಾಡಿ.

ಒಂದು ವಾರ ಹಾಗೆಯೇ ಓಡಿಸಿ. ರಿಟರ್ನ್ ಅಥವಾ ರಿಪ್ಲೇಸ್‌ಮೆಂಟಿಗೆ ಎಷ್ಟು ದಿನ ಇದೆ ಅನ್ನುವುದು ಆರ್ಡರ್ ಪುಟದಲ್ಲಿರುತ್ತದೆ. ಆ ದಿನಗಳನ್ನು ಪೂರ್ತಿ ಬಳಸಿಕೊಳ್ಳಿ. ಮೊದಲ ದಿನವೇ ರ‍್ಯಾಮ್ ಹಾಕಿ, ಮರುದಿನ ಮೆಷಿನ್ ಹ್ಯಾಂಗ್ ಆದರೆ ತಪ್ಪು ಯಾರದ್ದು? ಹೊಸ ರ‍್ಯಾಮಿನದ್ದೋ, ಬೋರ್ಡಿನದ್ದೋ? ಮಾರಿದವರು ನಿಮ್ಮ ಕಡೆ ಬೆರಳು ತೋರಿಸುತ್ತಾರೆ. ಹಾಗೆಯೇ ಓಡಿಸಿದ್ದರೆ ಮಾತಿಗೆ ಜಾಗವೇ ಇಲ್ಲ. ಎಲ್ಲ ಯುಎಸ್‌ಬಿ ಪೋರ್ಟುಗಳಿಗೂ ಒಮ್ಮೆ ಪೆನ್ ಡ್ರೈವ್ ಹಾಕಿ ನೋಡಿ. ಸೌಂಡ್, ವೈಫೈ, ಲ್ಯಾನ್ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿದರೆ ಹಾರ್ಡ್ ಡಿಸ್ಕ್ ಎಷ್ಟು ಗಂಟೆ ಓಡಿದೆ ಅಂತ ತೋರಿಸುತ್ತದೆ. ಹೊಸ ಮೆಷಿನ್ನಿನಲ್ಲಿ ಅದು ಬೆರಳೆಣಿಕೆಯಷ್ಟು ಇರಬೇಕು. ಸಾವಿರಾರು ಗಂಟೆ ಇದ್ದರೆ ಆ ಡಿಸ್ಕ್ ಹೊಸದಲ್ಲ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿದರೆ, ಎರಡು ಸ್ಲಾಟಿನಲ್ಲಿ ಎಷ್ಟು ತುಂಬಿದೆ, ಯಾವ ಸ್ಪೀಡ್ ಅನ್ನುವುದು ಕಾಣುತ್ತದೆ. ಸಿಪಿಯು-ಝಡ್ ಅನ್ನುವ ಇನ್ನೊಂದು ಉಚಿತ ಸಾಫ್ಟ್‌ವೇರಿನಲ್ಲಿ ಡಿಡಿಆರ್4 ಅಥವಾ 5 ಅಂತ ಬರೆದೇ ಇರುತ್ತದೆ. ಮ್ಯಾನುಯಲ್ ಮತ್ತು ಇದು, ಎರಡೂ ಒಂದೇ ಹೇಳಿದ ಮೇಲೆ ಪಾರ್ಟ್ಸ್ ಆರ್ಡರ್ ಮಾಡಿ.

ಬ್ರ್ಯಾಂಡಿನ ಸೈಟಿನಲ್ಲಿ ಸೀರಿಯಲ್ ನಂಬರ್ ಹಾಕಿ ವಾರಂಟಿ ಯಾವತ್ತಿನಿಂದ ಶುರುವಾಗಿದೆ ನೋಡಿ. ಕೆಲವೊಮ್ಮೆ ಗೋಡೌನಿನಿಂದ ಹೊರಟ ದಿನದಿಂದಲೇ ಲೆಕ್ಕ ಹಾಕಿರುತ್ತಾರೆ. ಬಿಲ್ ಕಳಿಸಿದರೆ ಸರಿಪಡಿಸುತ್ತಾರೆ. ನನಗೆ ಎರಡು ತಿಂಗಳು ಹೀಗೆ ವಾಪಸ್ ಸಿಕ್ಕಿತು.

ವಾರಂಟಿ ಹೋಗುತ್ತದೆಯೇ ಅಂತ ಕೇಳಿದ್ದಿರಿ. ರ‍್ಯಾಮ್, ಎಸ್‌ಎಸ್‌ಡಿ ಹಾಕಿದ ಮಾತ್ರಕ್ಕೆ ದೊಡ್ಡ ಬ್ರ್ಯಾಂಡುಗಳ ವಾರಂಟಿ ಸಾಮಾನ್ಯವಾಗಿ ಹೋಗುವುದಿಲ್ಲ. ಹಾಕುವಾಗ ನಿಮ್ಮ ಕೈಯಿಂದ ಏನಾದರೂ ಹಾಳಾದರೆ ಅದಕ್ಕೆ ಮಾತ್ರ ಅವರು ಜವಾಬ್ದಾರರಲ್ಲ. ಆದರೂ ಫೋನಿನಲ್ಲಿ ಕೇಳಿ ಬಿಡಬೇಡಿ. ಸೀರಿಯಲ್ ನಂಬರ್ ಬರೆದು ಇಮೇಲ್ ಮಾಡಿ, ಉತ್ತರ ಇಟ್ಟುಕೊಳ್ಳಿ. ಬಿಚ್ಚಿದ ಪಾರ್ಟ್ಸ್ ಜೋಪಾನವಾಗಿರಲಿ. ಸರ್ವಿಸಿಗೆ ಕೊಡುವಾಗ ಹಳೆಯದನ್ನೇ ಹಾಕಿ ಕೊಡಬಹುದು. ಕೆಟ್ಟ ಮೆಷಿನ್ ಬಂದು, ಮಾರಿದವರು ಸ್ಪಂದಿಸದೇ ಇದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಮೊದಲು ಯಾವುದು ಅಂದರೆ ಕಣ್ಣು ಮುಚ್ಚಿ ಎಸ್‌ಎಸ್‌ಡಿ. ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗಬೇಕು, ಅದರ ಮೇಲೆ ಕಡ್ಡಿಯೊಂದು ಹಿಂದೆ ಮುಂದೆ ಓಡಾಡಬೇಕು. ಚದುರಿದ ಸಣ್ಣ ಸಣ್ಣ ಫೈಲುಗಳನ್ನಾದರೆ ಅದು ಸೆಕೆಂಡಿಗೆ ನೂರು, ನೂರೈವತ್ತು ಸಲ ಓದಿದರೆ ಹೆಚ್ಚು. ಎಸ್‌ಎಸ್‌ಡಿ ಅದನ್ನೇ ಹತ್ತಾರು ಸಾವಿರ ಸಲ ಓದುತ್ತದೆ. ವಿಂಡೋಸ್ 11 ಶುರುವಾಗುವಾಗ ಮಾಡುವುದು ಇಂಥ ಸಣ್ಣ ಓದುಗಳನ್ನೇ. ಹಾರ್ಡ್ ಡಿಸ್ಕಿನ ಮೆಷಿನ್ ಆನ್ ಮಾಡಿ ಟಾಸ್ಕ್ ಮ್ಯಾನೇಜರ್ ನೋಡಿ, ಡಿಸ್ಕ್ 100 ಶೇಕಡಾ ಅಂತ ಕೂತಿರುತ್ತದೆ. ರ‍್ಯಾಮ್ 32 ಜಿಬಿ ಮಾಡಿದರೂ ಆ ತೊಂದರೆ ಪೂರ್ತಿ ಹೋಗುವುದಿಲ್ಲ. 500 ಜಿಬಿ ಎಸ್‌ಎಸ್‌ಡಿ ಸಾಕು. ಹಾರ್ಡ್ ಡಿಸ್ಕ್ ಫೋಟೊ ಇಡಲು ಒಳಗೇ ಇರಲಿ.

ಹಾಕುವ ಮೊದಲು ಒಂದು ಕೆಲಸ ತಪ್ಪದೇ ಮಾಡಿ. ಹೊಸ ವಿಂಡೋಸ್ 11 ಮೆಷಿನ್ನುಗಳಲ್ಲಿ ನಮಗೆ ಗೊತ್ತಿಲ್ಲದೆಯೇ ಡಿಸ್ಕ್ ಎನ್‌ಕ್ರಿಪ್ಷನ್, ಅಂದರೆ ಡಿಸ್ಕಿನ ಫೈಲುಗಳಿಗೆ ಬೀಗ, ಆನ್ ಆಗಿರಬಹುದು. ಒಳಗೆ ಏನಾದರೂ ಬದಲಿಸಿದಾಗ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿರುತ್ತದೆ. ಮೊದಲೇ ಬರೆದಿಟ್ಟುಕೊಳ್ಳಿ.

ಎಸ್‌ಎಸ್‌ಡಿಗೆ ವಿಂಡೋಸ್ ಹೊಸದಾಗಿ ಹಾಕುವುದೇ ಒಳ್ಳೆಯದು. ಮೈಕ್ರೋಸಾಫ್ಟ್ ಸೈಟಿನಿಂದ 8 ಜಿಬಿ ಪೆನ್ ಡ್ರೈವಿಗೆ ಇಳಿಸಿಕೊಳ್ಳಬಹುದು. ಕಂಪನಿ ಹಾಕಿಕೊಟ್ಟ ವಿಂಡೋಸಿನ ಕೀ ಬೋರ್ಡಿನಲ್ಲೇ ಇರುವುದರಿಂದ ಮತ್ತೆ ದುಡ್ಡು ಕೊಡಬೇಕಿಲ್ಲ. ಇನ್‌ಸ್ಟಾಲ್ ಮಾಡುವಾಗ ಹಾರ್ಡ್ ಡಿಸ್ಕಿನ ಕೇಬಲ್ ತೆಗೆದಿಡಿ. ಇಲ್ಲದಿದ್ದರೆ ಬೂಟ್ ಫೈಲುಗಳು ಅದರ ಮೇಲೆ ಹೋಗಿ ಕೂರಬಹುದು. ಮುಂದೊಂದು ದಿನ ಆ ಡಿಸ್ಕ್ ತೆಗೆದರೆ ಮೆಷಿನ್ ಏಳುವುದೇ ಇಲ್ಲ.

ಇನ್ನೊಂದು ಸಣ್ಣ ವಿಷಯ, ಎಂ.2 ಎಸ್‌ಎಸ್‌ಡಿ ಕೂರಿಸುವ ಸ್ಕ್ರೂ. ಅಕ್ಕಿ ಕಾಳಿನಷ್ಟು ಇರುತ್ತದೆ. ಕೆಲವು ಬ್ರ್ಯಾಂಡೆಡ್ ಮೆಷಿನ್ನುಗಳಲ್ಲಿ ಸ್ಲಾಟ್ ಇರುತ್ತದೆ, ಸ್ಕ್ರೂ ಇರುವುದಿಲ್ಲ. ಎಸ್‌ಎಸ್‌ಡಿ ಬಾಕ್ಸಿನಲ್ಲೂ ಎಲ್ಲರೂ ಕೊಡುವುದಿಲ್ಲ. ಓರೆಯಾಗಿ ತೂರಿಸಿದ ಎಸ್‌ಎಸ್‌ಡಿ ಸ್ಕ್ರೂ ಇಲ್ಲದೆ ಮೇಲಕ್ಕೆ ಎದ್ದು ನಿಂತಿರುತ್ತದೆ. ಟೇಪ್ ಹಚ್ಚಿ ಕೂರಿಸಬೇಡಿ, ಬಿಸಿಗೆ ಬಿಡುತ್ತದೆ. ಲ್ಯಾಪ್‌ಟಾಪ್ ರಿಪೇರಿಯವರ ಹತ್ತಿರ ಸಿಗುತ್ತದೆ. ಬೆಂಗಳೂರಿಗೆ ಹೋಗುವವರಿದ್ದರೆ ಕಂಪ್ಯೂಟರ್ ಪಾರ್ಟ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ ಕೇಳಲು ಹೇಳಿ.

ರ‍್ಯಾಮಿಗೆ ಬಂದರೆ, ಈಗಿರುವುದರ ಜೊತೆಗೆ ಅದೇ 8 ಜಿಬಿ, ಅದೇ ಸ್ಪೀಡಿನದ್ದು ಇನ್ನೊಂದು ಹಾಕಿ. ಜೋಡಿ ಇದ್ದರೆ ಎರಡು ದಾರಿಯಲ್ಲಿ ಡೇಟಾ ಓಡಾಡುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮೆಷಿನ್ನಿಗೆ ಇದರಿಂದ ತುಂಬಾ ಅನುಕೂಲ. ಗ್ರಾಫಿಕ್ಸ್ ಕಾರ್ಡ್ ಯೋಚನೆ ಸದ್ಯಕ್ಕೆ ಬಿಡಿ. ಬ್ರ್ಯಾಂಡೆಡ್ ಮೆಷಿನ್ನುಗಳ ಪವರ್ ಸಪ್ಲೈ ಎಷ್ಟೋ ಸಲ 180 ವ್ಯಾಟ್ ಆಸುಪಾಸಿನದ್ದು, ಕನೆಕ್ಟರ್ ಕೂಡ ಅವರದ್ದೇ ಬಗೆಯದ್ದು.

ಹಾಕುವಾಗ ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ ಕೈಯ ಸ್ಟ್ಯಾಟಿಕ್ ಇಳಿಸಿಕೊಳ್ಳಿ. ಕಚ್ಚು ನೋಡಿ, ನೇರ ಹಿಡಿದು, ಎರಡೂ ತುದಿಯಲ್ಲಿ ಹೆಬ್ಬೆರಳಿಟ್ಟು ಒತ್ತಿ. ಹೆದರುವಷ್ಟೇ ಜೋರು ಬೇಕಾಗುತ್ತದೆ. ಕ್ಲಿಪ್ ಟಕ್ ಅಂತ ತಾನೇ ಮುಚ್ಚಿಕೊಂಡರೆ ಕೂತಿತು ಅಂತ.

ಆನ್ ಮಾಡಿದ ಮೇಲೆ ಪರದೆ ಕಪ್ಪಗೇ ಇದ್ದರೆ ಗಾಬರಿಯಾಗಿ ಸ್ವಿಚ್ ಆರಿಸಬೇಡಿ. ಹೊಸ ರ‍್ಯಾಮನ್ನು ಬೋರ್ಡ್ ಮೊದಲ ಸಲ ಪರೀಕ್ಷಿಸಿ ಹೊಂದಿಸಿಕೊಳ್ಳುತ್ತದೆ. ಡಿಡಿಆರ್5 ಆದರೆ ಇದಕ್ಕೆ ಕೆಲವು ನಿಮಿಷವೇ ಹಿಡಿಯಬಹುದು, ನಡುವೆ ಒಂದೆರಡು ಸಲ ತಾನೇ ಆರಿ ಹತ್ತಲೂಬಹುದು. ಫ್ಯಾನ್ ತಿರುಗುತ್ತಿದೆ ಅಂದರೆ ಒಳಗೆ ಕೆಲಸ ನಡೆದಿದೆ. ಹತ್ತು ನಿಮಿಷ ಬಿಟ್ಟುಬಿಡಿ, ಲೋಗೊ ಬರುತ್ತದೆ. ಆಗಲೂ ಬರದಿದ್ದರೆ ಮಾತ್ರ ಆರಿಸಿ, ರ‍್ಯಾಮ್ ತೆಗೆದು ಇನ್ನೊಮ್ಮೆ ಒತ್ತಿ ಕೂರಿಸಿ.