ಒಬ್ಬರೇ ಉಳಿದರೂ ಮತದಾನ!

ಪ್ರಶ್ನೆ: ಸರ್, ನಾನು ಹಡಗಿನಲ್ಲಿ ಕೆಲಸ ಮಾಡುವವ. ಜಿಬೂಟಿ ಬಂದರು ನೋಡಿದ್ದೇನೆ. ಅಷ್ಟು ಸಣ್ಣ ದೇಶದ ಮಹಮೂದ್ ಅಲಿ ಯೂಸುಫ್, ಕೆನ್ಯಾದ ಮಾಜಿ ಪ್ರಧಾನಿ ರೈಲಾ ಒಡಿಂಗಾರನ್ನು ಸೋಲಿಸಿ ಆಫ್ರಿಕನ್ ಒಕ್ಕೂಟದ ಆಯೋಗಕ್ಕೆ ಅಧ್ಯಕ್ಷರಾದದ್ದು ಹೇಗೆ?
– ಓದುಗರೊಬ್ಬರು, ಮಲ್ಪೆ

ಉತ್ತರ: ದೇಶ ಸಣ್ಣದಿರಲಿ, ದೊಡ್ಡದಿರಲಿ, ಅಲ್ಲಿ ಎಲ್ಲರಿಗೂ ಒಂದೇ ಮತ. ನಮ್ಮೂರ ಯುವಕ ಮಂಡಲದಲ್ಲಾದರೆ ಒಂದು ಕೈ ಜಾಸ್ತಿ ಎದ್ದರೆ ಮುಗಿಯಿತು. ಆಮೇಲೆ ಚಾ, ಗೋಳಿಬಜೆ. ಅಲ್ಲಿ ಗುಟ್ಟಿನ ಮತದಾನ, ಅದೂ ಮೂರನೇ ಎರಡು ಪಾಲು ಬರಬೇಕು. ಆಫ್ರಿಕಾದ ದೇಶಗಳ ಈ ಒಕ್ಕೂಟದಲ್ಲಿ 55 ದೇಶಗಳಿವೆ; ಅದರ ದಿನನಿತ್ಯದ ಆಡಳಿತ ನಡೆಸುವುದು ಆಯೋಗ. ಈ ಚುನಾವಣೆಯ ಹೊತ್ತಿಗೆ ಅಮಾನತಾಗಿದ್ದ 6 ದೇಶಗಳನ್ನು ಬಿಟ್ಟರೆ ಮತ ಹಾಕುವವು 49. ಗೆಲ್ಲಲು 33 ಮತ ಬೇಕಿತ್ತು.

2025ರ ಫೆಬ್ರವರಿ 15ರಂದು ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದಲ್ಲಿ ಮೊದಲ ಸುತ್ತಿಗೆ ಒಡಿಂಗಾರೇ ಮುಂದೆ: 20 ಮತ. ಯೂಸುಫ್‌ಗೆ 18, ಮೂರನೇ ಅಭ್ಯರ್ಥಿ ಮಡಗಾಸ್ಕರ್‌ನವರಿಗೆ 10. ಮೂರನೇ ಸುತ್ತಿನ ನಂತರ ಮಡಗಾಸ್ಕರ್‌ನವರು ಹೊರಗೆ. ಆರನೇ ಸುತ್ತಿನ ನಂತರ, ಅಷ್ಟರಲ್ಲಿ ಹಿಂದೆ ಬಿದ್ದಿದ್ದ ಒಡಿಂಗಾರೂ ಹೊರಗೆ. ಎದುರಾಳಿ ಇಲ್ಲ, ಹಾಗಂತ ಸುಮ್ನೆ ಹಾರ ಹಾಕುವುದಿಲ್ಲ! ಏಳನೇ ಸುತ್ತಿನಲ್ಲಿ ಯೂಸುಫ್ ಒಬ್ಬರೇ ನಿಂತು ಮತ ಪಡೆಯಬೇಕಾಯಿತು. ಬಂದದ್ದು ಸರಿಯಾಗಿ 33. ಒಂದು ಕಡಿಮೆಯಾಗಿದ್ದರೂ ಕೈ ತಪ್ಪುತ್ತಿತ್ತು. ನನಗೇನೋ ಈ ಪದ್ಧತಿ ಇಷ್ಟವೇ.

ಅಂದಹಾಗೆ ಒಡಿಂಗಾ ಅದೇ ವರ್ಷ ಅಕ್ಟೋಬರ್‌ನಲ್ಲಿ ತೀರಿಕೊಂಡದ್ದು ನಮ್ಮ ಪಕ್ಕದ ಕೇರಳದಲ್ಲಿ, ಚಿಕಿತ್ಸೆಗೆಂದು ಬಂದಿದ್ದಾಗ.